ಗುರ್ಕಾರರ ನೀರಿನ ಮಾತು

ಕಾರ್ಗಲ್ ಸುತ್ತಮುತ್ತ ಕ್ರೈಸ್ತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಲ್ಲಿಗೆ ಎರಡು ಸಾಮಾನು ತಪ್ಪದೆ ಹೋಗುತ್ತಿದ್ದವು. ಒಂದು, ನನ್ನ ಹೋಟೆಲಿನ ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಗಂಜಿ. ಇನ್ನೊಂದು, ಕೈತಾನ್ ರೆಬೆಲ್ಲೊ ಅವರ ಭಾಷಣ. ಗಂಜಿ ಪಾತ್ರೆ ಪ್ರತಿ ಸಲ ಖಾಲಿಯಾಗಿ ವಾಪಸು ಬರುತ್ತಿತ್ತು. ಭಾಷಣ ಮಾತ್ರ ಹೋದ ಹಾಗೆಯೇ, ಒಂದಕ್ಷರವೂ ಸವೆಯದೆ ವಾಪಸು ಬಂದು ಮುಂದಿನ ಸಾವಿಗಾಗಿ ಕಾಯುತ್ತಿತ್ತು.

ನಾನು ಹೇಮಾವತಿ. ಬಸ್ ಸ್ಟ್ಯಾಂಡಿನ ಎದುರಿಗೆ ಹೋಟೆಲು ಇಟ್ಟುಕೊಂಡಿದ್ದೇನೆ. ಗಂಡ ಯೋಗರಾಜ್ ಓಮ್ನಿ ಓಡಿಸುತ್ತಾರೆ. ನಾನು ಕಷ್ಟ ಬಂದರೆ ವರದಹಳ್ಳಿಗೆ ಹೋಗಿ ಆಶ್ರಮದಲ್ಲಿ ಒಂದು ಗಳಿಗೆ ಸುಮ್ಮನೆ ಕೂತು ಬರುವವಳು. ಕ್ರೈಸ್ತರ ಸಾವಿನ ಮನೆಯಲ್ಲಿ ನಿನಗೇನು ಕೆಲಸ ಎಂದು ಕೇಳಿದರೆ, ಆ ಕೆಲಸ ಹಚ್ಚಿದವರು ಕೈತಾನರ ಹೆಂಡತಿ ಸೆರಾಫಿನಬಾಯಿ, ನಾನು ಕರೆಯುವುದು ಬಾಯಮ್ಮ ಎಂದು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಗಂಜಿ ಮಾಡಿ ತಂದು ಬಡಿಸಬೇಕು. ಆ ಪದ್ಧತಿ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಊರೆಲ್ಲ ಉಣ್ಣುವಷ್ಟು ದೊಡ್ಡ ಪಾತ್ರೆ ಬಾಯಮ್ಮನ ಹತ್ತಿರ ಇರಲಿಲ್ಲ, ನನ್ನ ಹತ್ತಿರ ಇತ್ತು. ನಮ್ಮಿಬ್ಬರ ಮನೆ ಅಕ್ಕಪಕ್ಕ, ನಡುವೆ ಒಂದು ದಾಸವಾಳದ ಬೇಲಿ. ಹಾಗಾಗಿ ಓಮ್ನಿಯ ಮುಂದಿನ ಸೀಟಿನಲ್ಲಿ ಕೈತಾನರು ತಮ್ಮ ಭಾಷಣದ ಸಮೇತ, ಹಿಂದೆ ನಾನು ಮತ್ತು ಬಾಯಮ್ಮ ಗಂಜಿ ಪಾತ್ರೆಯನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿದುಕೊಂಡು, ಎಷ್ಟು ಸಾವುಗಳಿಗೆ ಹೋಗಿದ್ದೇವೋ ದೇವರೇ ಬಲ್ಲ.

ಕೈತಾನರು ಗುರ್ಕಾರರು. ಅಂದರೆ ಅವರ ಚರ್ಚಿನಲ್ಲಿ ಒಂದು ವಾರ್ಡಿನ ಮುಖಂಡ. ಮದುವೆ, ಕಾಯಿಲೆ, ಸಾವು, ಜಗಳ ಏನಿದ್ದರೂ ಮೊದಲು ಅವರಿಗೆ ಹೇಳಬೇಕು. ಹೊಟ್ಟೆಪಾಡಿಗೆ ಅವರು ಲಿಂಗನಮಕ್ಕಿ ಡ್ಯಾಮಿನಲ್ಲಿ ನೀರಿನ ಮಟ್ಟ ನೋಡುವ ಕೆಲಸದಲ್ಲಿದ್ದರು. ದಿನಾ ಬೆಳಿಗ್ಗೆ ಮೆಟ್ಟಿಲಿಳಿದು, ಗೋಡೆಯ ಮೇಲೆ ಬರೆದ ಅಂಕಿ ನೋಡಿ, ಆಫೀಸಿಗೆ ಫೋನಿನಲ್ಲಿ ಹೇಳುವುದು. ರಿಟೈರಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ನನ್ನ ಹೋಟೆಲಿಗೆ ಬಂದು ಚಹಾದ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "ಹೇಮಾ, ಇವತ್ತು ಮಟ್ಟ ಸ್ವಲ್ಪ ಕಡಿಮೆ ಉಂಟು" ಎನ್ನುತ್ತಿದ್ದರು. ಕತ್ತಿನ ತನಕ ಗುಂಡಿ ಹಾಕಿದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ಮುಖದ ಮೇಲೆ ಪರಲೋಕದ ಎಲ್ಲ ವ್ಯವಸ್ಥೆಯೂ ತನಗೆ ಗೊತ್ತಿದೆ ಎಂಬ ಸಮಾಧಾನ. ಆ ಸಮಾಧಾನ ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಅವರ ಭಾಷಣದ ಹೆಸರು ನಮ್ಮ ಬಾಯಲ್ಲಿ "ನೀರಿನ ಮಾತು". ಹೆಣ ಎತ್ತುವ ಮೊದಲು, ಜಪಸರದ ಪ್ರಾರ್ಥನೆ ಮುಗಿದ ಕೂಡಲೇ ಎದ್ದು ನಿಲ್ಲುತ್ತಿದ್ದರು. ಗಂಟಲು ಸರಿಮಾಡಿಕೊಂಡು ಶುರು:

"ಡ್ಯಾಂ ತುಂಬಿದಾಗ ಅಡಿಯಲ್ಲಿರುವ ಊರು ನಮಗೆ ಕಾಣುವುದಿಲ್ಲ. ಕಾಣುವುದಿಲ್ಲ ಎಂದರೆ ಇಲ್ಲ ಎಂದಲ್ಲ. ನೀರಿನ ಅಡಿಯಲ್ಲಿ ಬಾವಿ ಬಾವಿಯಾಗಿಯೇ ಇದೆ. ಮೆಟ್ಟಿಲು ಮೆಟ್ಟಿಲಾಗಿಯೇ ಇದೆ. ಮರಣ ಎಂದರೆ ಈ ನೀರು. ಒಂದು ದಿನ ಅದು ಇಳಿಯುತ್ತದೆ. ನಮ್ಮವರು ಇದ್ದ ಹಾಗೆಯೇ ನಮಗೆ ಸಿಗುತ್ತಾರೆ. ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ?"

ಇಲ್ಲಿ ನಿಲ್ಲಿಸುತ್ತಿದ್ದರು. ಅಳುವವರು ಅಳು ತಡೆದುಕೊಂಡು "ಯೇಸುಸ್ವಾಮಿ ಹತ್ತಿರ" ಎನ್ನಬೇಕು. ಅನ್ನುವ ತನಕ ಇವರು ಮುಂದೆ ಹೋಗುವವರಲ್ಲ. ಅಂದ ಮೇಲೆ, "ಹೌದು. ಅವರು ಸತ್ತು ಮೂರನೆಯ ದಿನ ಎದ್ದವರು. ಗೇಟು ತೆಗೆಯುವುದು ಅವರಿಗೆ ಗೊತ್ತಿದೆ" ಎಂದು ಎರಡೂ ಅಂಗೈಗಳನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಸುತ್ತಿದ್ದರು, ನೀರು ಇಳಿಯುವ ಹಾಗೆ.

ಜನಕ್ಕೆ ಇದು ಎಷ್ಟು ಹಿಡಿಸಿತ್ತೆಂದರೆ ಸಾಗರದಿಂದ, ಹೊಸನಗರದಿಂದ, ಅತ್ತ ತೀರ್ಥಹಳ್ಳಿಯಿಂದಲೂ ಫೋನು ಬರುತ್ತಿತ್ತು. ಹೆಣದ ಮಗ್ಗುಲಲ್ಲಿ ನಿಂತೇ ಜನ "ಗುರ್ಕಾರ್ರು ಹೊರಟ್ರಾ?" ಎಂದು ಕೇಳುತ್ತಿದ್ದರು. ನನಗೆ ಮಾತ್ರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. "ಗಂಜಿಯಾದ್ರೂ ಹೊಟ್ಟೆಗೆ ಹೋಗ್ತದೆ ಬಾಯಮ್ಮ, ಇವ್ರ ಮಾತು ಎಲ್ಲಿಗೆ ಹೋಗ್ತದೆ?" ಎಂದು ಒಂದು ಸಲ ಅವರಿಗೆ ಕೇಳುವ ಹಾಗೆಯೇ ಅಂದುಬಿಟ್ಟೆ. ಬಾಯಮ್ಮ ಸೌಟು ಹಿಡಿದುಕೊಂಡು ನಕ್ಕರು. "ಎಲ್ಲಿಗೂ ಹೋಗುದಿಲ್ಲ ಹೇಮಾ. ಇವ್ರ ಮಾತು ಮುಗಿಯೋದ್ರೊಳಗೆ ನಮ್ಮ ಗಂಜಿ ತಣ್ಣಗಾಗ್ತದೆ, ಅಷ್ಟೇ." ಪ್ರತಿ ಸಾವಿನ ಮನೆಯಲ್ಲೂ ಬಾಯಮ್ಮ ಈ ಒಂದು ಮಾತು ಹೇಳದೆ ಬಡಿಸಲು ಶುರುಮಾಡುತ್ತಿರಲಿಲ್ಲ. ಗುರ್ಕಾರರೂ ಕೇಳಿಸಿಕೊಂಡು ಕೇಳಿಸದವರ ಹಾಗೆ ಕೊಡೆ ಹುಡುಕುತ್ತಿದ್ದರು.

ನೀರಿನ ಮಾತು ಕಂಡರೆ ನನಗಿಂತ ಹೆಚ್ಚು ಉರಿದುಬೀಳುತ್ತಿದ್ದವಳು ನನ್ನ ಅಮ್ಮ ದುರ್ಗಮ್ಮ. ಅವಳ ಸಿಟ್ಟಿಗೆ ಕಾರಣವೂ ಇತ್ತು. ಅವಳು ಹುಟ್ಟಿದ ಹೊಳೆಕೊಪ್ಪ ಅದೇ ಡ್ಯಾಮಿನ ನೀರಿನಲ್ಲಿ ಹೋಗಿತ್ತು. ಹುಡುಗಿಯಾಗಿದ್ದಾಗ ಲಾರಿ ಹತ್ತಿ ಊರು ಬಿಟ್ಟವಳು. ಗುರ್ಕಾರರು ಬೇಲಿಯಾಚೆ ಕಂಡರೆ ಸಾಕು, ಎಲೆಅಡಿಕೆ ಉಗಿದು ಶುರುಮಾಡುತ್ತಿದ್ದಳು. "ನೀರು ಇಳೀತದಂತೆ! ಬೀಗದ ಕೈ ಇವ್ರ ಆಪೀಸ್ನಾಗೇ ಇತ್ತು. ಒಂದಿನ ತೆಗೀಲಿಲ್ಲ. ಈಗ ಯೇಸು ಮ್ಯಾಲೆ ಹಾಕ್ತಾನೆ."

"ಅಮ್ಮ, ಡ್ಯಾಂ ತುಂಬಿಸಿದ್ದು ನಾನಲ್ಲ. ನಾನು ಅಳೆಯುವವ ಮಾತ್ರ" ಎಂದು ಗುರ್ಕಾರರು ಕೈಮುಗಿಯುತ್ತಿದ್ದರು.

"ಅಳ್ದಿದ್ದೇ ಬಂತು, ನಮ್ಮೂರು ವಾಪಸ್ ಬಂತಾ?"

ಇದು ಅವರಿಬ್ಬರ ದಿನನಿತ್ಯದ ಸುಪ್ರಭಾತ.

ಹೀಗಿರುವಾಗ ಒಂದು ಶುಕ್ರವಾರ ಸೆರಾಫಿನಬಾಯಿ ಹಿತ್ತಿಲ ಕಟ್ಟೆಯಲ್ಲಿ ಮೀನು ಹೆಚ್ಚುತ್ತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರು. ನಾನು ಬೇಲಿ ಹಾರಿ ಓಡುವಷ್ಟರಲ್ಲಿ ಮುಗಿದುಹೋಗಿತ್ತು. ಬೆಕ್ಕು ಮೀನಿಗೆ ಬಾಯಿ ಹಾಕಿತ್ತು. ನಾನು ಮೊದಲು ಬೆಕ್ಕಿಗೆ ಬೈದೆ, ಆಮೇಲೆ ಅತ್ತೆ. ಗುರ್ಕಾರರು ಹೆಂಡತಿಯ ಕೈ ತೊಳೆದು, ಮೀನಿನ ಹುರುಪೆ ಉಗುರಿನ ಸಂದಿಯಿಂದ ಒಂದೊಂದಾಗಿ ತೆಗೆದರು.

ಆ ದಿನ ಗಂಜಿ ನಾನೇ ಮಾಡಿದೆ, ನಾನೇ ಬಡಿಸಿದೆ. ಪಾತ್ರೆಯ ಇನ್ನೊಂದು ಕಡೆ ಹಿಡಿಯಲು ಜನ ಇರಲಿಲ್ಲ. ಇನ್ನು ಭಾಷಣದ ಕತೆ. ಮಾಡುವವರು ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದರಲ್ಲ, ಅದಕ್ಕೆ ಇಷ್ಟು ವರ್ಷ ಅದನ್ನು ಕೇಳಿದವರೆಲ್ಲ ಒಬ್ಬೊಬ್ಬರಾಗಿ ಅದನ್ನು ತಂದು ಅವರಿಗೇ ಒಪ್ಪಿಸತೊಡಗಿದರು. ಸಾಗರದ ಒಬ್ಬ ಮೇಸ್ತ್ರಿ ಬಂದು ಭುಜ ಹಿಡಿದು, "ಕಾಣುವುದಿಲ್ಲ ಎಂದರೆ ಇಲ್ಲ ಎಂದಲ್ಲ ಗುರ್ಕಾರ್ರೆ" ಎಂದ. ತೀರ್ಥಹಳ್ಳಿಯಿಂದ ಬಂದ ಟೀಚರಮ್ಮ, "ಬಾವಿ ಬಾವಿಯಾಗಿಯೇ ಇದೆ" ಎಂದು ಕಣ್ಣೊರೆಸಿಕೊಂಡರು. ಗುರ್ಕಾರರ ಮಗಳು ಕನ್ಯಾಸ್ತ್ರೀ, ಜಾರ್ಖಂಡದ ಯಾವುದೋ ಮಠದಲ್ಲಿರುವವಳು, ಬಂದವಳೇ "ಅಪ್ಪಾ, ನೀವೇ ಹೇಳ್ತಿದ್ರಲ್ಲ" ಎಂದಳು. ಚರ್ಚಿನಲ್ಲಿ ಫಾದರೂ ಬಿಡಲಿಲ್ಲ. "ನಮ್ಮ ಗುರ್ಕಾರ್ರ ಮಾತಿನಲ್ಲೇ ಹೇಳುವುದಾದರೆ" ಎಂದು ಶುರುಮಾಡಿ ಡ್ಯಾಮು ತುಂಬಿಸಿ ಇಳಿಸಿಯೇ ಬಿಟ್ಟರು. ಅಯ್ಯೋ ಶಿವನೇ, ಒಂದು ಹೆಣಕ್ಕೆ ಎಷ್ಟು ಸಲ ನೀರು ಇಳಿಸುವುದು! ನಗು ಬಂತು ನನಗೆ. ಬಾಯಮ್ಮ ಇದ್ದಿದ್ದರೆ ಅವರೂ ನಗುತ್ತಿದ್ದರು ಎಂದು ನೆನಪಾಗಿ ಮತ್ತೆ ಅಳು ಬಂತು.

ಏಳನೆಯ ದಿನದ ಪೂಜೆ ಮುಗಿಸಿ ಎಲ್ಲರೂ ಚರ್ಚಿನ ಅಂಗಳದಲ್ಲಿ ನಿಂತಿದ್ದೆವು. ಹೊಸನಗರದ ಟೈಲರ್ ಬೊನಿಫಾಸ್, ಹೆಂಡತಿ ಸತ್ತಾಗ ಗುರ್ಕಾರರಿಂದ ಇದೇ ಮಾತು ಕೇಳಿ ಸಮಾಧಾನ ಮಾಡಿಕೊಂಡವನು, ಎದುರಿಗೆ ಬಂದು ನಿಂತ. ಅವನದು ಎಲ್ಲರಿಗಿಂತ ಪಕ್ಕಾ ನಕಲು. ಗಂಟಲು ಸರಿಮಾಡಿಕೊಳ್ಳುವುದರಿಂದ ಹಿಡಿದು ಎಲ್ಲಾ ಹಾಗೆಯೇ. "ಒಂದು ದಿನ ಅದು ಇಳಿಯುತ್ತದೆ" ಎಂದು ಎರಡೂ ಅಂಗೈ ಕೆಳಗಿಳಿಸಿದ.

ಗುರ್ಕಾರರು ಅವನ ಕೈ ಹಿಡಿದು ಅರ್ಧದಲ್ಲೇ ನಿಲ್ಲಿಸಿದರು.

"ಇಳಿದ ಮೇಲೆ ಎಂತ ಕಾಣ್ತದೆ ಗೊತ್ತುಂಟಾ ನಿಂಗೆ?"

ಬೊನಿಫಾಸ್ ಕೈ ಬಿಡಿಸಿಕೊಳ್ಳಲು ನೋಡಿದ.

"ನಂಗೆ ಗೊತ್ತುಂಟು. ಪ್ರತಿ ಬೇಸಗೆ ನೋಡಿದವ ನಾನು. ಕೆಸರು ಕಾಣ್ತದೆ. ಕೆಸರು, ಮತ್ತೆ ಕೊಳೆತ ಮರದ ಬೊಡ್ಡೆ. ಬಾವಿ ಅಂತೆ ಬಾವಿ! ಎಲ್ಲ ಹೂಳು ತುಂಬಿ ಮುಚ್ಚಿಹೋಗಿರ್ತದೆ. ನಾನು ಇಷ್ಟು ವರ್ಷ ಹೇಳಿದ್ದು ಬರೀ ಸುಳ್ಳು. ಹೋಗಿ ಎಲ್ಲರಿಗೂ ಹೇಳು."

ಗುರ್ಕಾರರು ಕೊಡೆಯನ್ನೂ ಬಿಟ್ಟು ನಡೆದೇ ಮನೆಗೆ ಹೋದರು.

ಅವತ್ತಿನಿಂದ ಅವರು ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಗೋಡೆಯ ಮೇಲೆ ಯೇಸುವಿನ ಪಟದ ಮುಂದೆ ಯಾವಾಗಲೂ ಉರಿಯುತ್ತಿದ್ದ ಕೆಂಪು ಬಲ್ಬನ್ನು ತಿರುಪಿ ತೆಗೆದು ಕಿಟಕಿಯ ಮೇಲಿಟ್ಟರು. ಸಾವಿನ ಫೋನು ಬಂದರೆ ಎತ್ತುತ್ತಿರಲಿಲ್ಲ. ಹೋಟೆಲಿಗೆ ಬಂದರೂ ಚಹಾದ ಮಟ್ಟ ನೋಡುತ್ತಿರಲಿಲ್ಲ. ನಾನು ಬೇಕೆಂದೇ ಅರ್ಧ ಲೋಟ ಕೊಟ್ಟು ನೋಡಿದೆ, ಅದನ್ನೂ ಪೂರ್ತಿ ಕುಡಿಯದೆ ಎದ್ದು ಹೋದರು. ಅಂಗಿಯ ಕತ್ತಿನೊಳಗೆ ಎರಡು ಕೈ ತೂರುವಷ್ಟು ಜಾಗವಾಯಿತು. ಯಾವ ಸಮಾಧಾನ ನೋಡಿ ನನಗೆ ಮೈ ಉರಿಯುತ್ತಿತ್ತೋ, ಅದು ಆ ಮುಖದಲ್ಲಿಲ್ಲ ಎಂದು ನೋಡಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಫಾದರು ಎರಡು ಸಲ ಬಂದು ಹೋದರು. ಬಾಗಿಲು ತೆಗೆದು ಕೂರಿಸಿ ನನ್ನ ಹೋಟೆಲಿನಿಂದ ಚಹಾ ತರಿಸಿ ಕೊಟ್ಟರೇ ಹೊರತು ಗುರ್ಕಾರರು ಚರ್ಚಿನ ಮಾತೆತ್ತಲಿಲ್ಲ. ಯಾರನ್ನೂ ಹತ್ತಿರ ಸೇರಿಸದ ಆ ಮನುಷ್ಯನ ಜಗಲಿಯ ಮೇಲೆ ದಿನಾ ಸಂಜೆ ಹೋಗಿ ಕೂತವಳು ಮತ್ಯಾರೂ ಅಲ್ಲ, ನನ್ನ ಅಮ್ಮ. ಅವಳಿಗೆ ಸಮಾಧಾನ ಹೇಳುವ ಚಟವೇ ಇರಲಿಲ್ಲ. ಎಲೆಗೆ ಸುಣ್ಣ ಹಚ್ಚಿಕೊಂಡು, ಬಾಯಮ್ಮ ತನಗೆ ಉಪ್ಪಿನಕಾಯಿ ಕೊಡುವಾಗ ದೊಡ್ಡ ಮಿಡಿಗಳನ್ನೆಲ್ಲ ತಳಕ್ಕೆ ತಳ್ಳಿ ಸಣ್ಣವನ್ನು ಮಾತ್ರ ಬಡಿಸುತ್ತಿದ್ದಳೆಂದು ದೂರು ಹೇಳುತ್ತಿದ್ದಳು. "ಭಾರಿ ಜಿಪುಣಿ ನಿನ್ ಹೆಂಡ್ತಿ." ಗುರ್ಕಾರರು ಅದನ್ನು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದರು.

ಒಂದು ಸಂಜೆ ನಾನು ಬೇಲಿಯ ಬದಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಗುರ್ಕಾರರು ಅಮ್ಮನನ್ನು ಕೇಳುವುದು ಕಿವಿಗೆ ಬಿತ್ತು.

"ದುರ್ಗಮ್ಮ, ನಂಗೆ ಬೇರೆ ಎಂತದೂ ಬೇಡ. ಸೆರಾಫಿನ್ ನಂಗೆ ಮತ್ತೆ ಸಿಗ್ತಾಳಾ ಇಲ್ಲವಾ, ಅದೊಂದು ಗೊತ್ತಾಗ್ಬೇಕು. ಬೇರೆಯವರಿಗೆ ಹೇಳುವಾಗ ಗೊತ್ತಿತ್ತು. ಈಗ ಗೊತ್ತಿಲ್ಲ."

"ನನಗೆಂತ ಗೊತ್ತು ಮಾರಾಯ" ಎಂದಳು ಅಮ್ಮ. "ನಾ ಎಂತ ನಿಮ್ ಪಾದ್ರಿಯಾ?"

ಆ ವರ್ಷ ಮಳೆ ಕೈಕೊಟ್ಟಿತ್ತು. ಬೇಸಗೆ ಹೊತ್ತಿಗೆ ಲಿಂಗನಮಕ್ಕಿಯ ನೀರು ಹಿಂದೆ ಹಿಂದೆ ಸರಿದು, ಹಿನ್ನೀರಿನಲ್ಲಿ ಯಾವತ್ತೋ ಮುಳುಗಿದ್ದೆಲ್ಲ ತಲೆ ಎತ್ತಿದೆ ಎಂದು ಜನ ಮೊಬೈಲಿನಲ್ಲಿ ಫೋಟೋ ತೆಗೆದು ಹಂಚತೊಡಗಿದರು. ಅಮ್ಮನಿಗೆ ಒಂದೇ ಹಟ ಹಿಡಿಯಿತು: ಹೊಳೆಕೊಪ್ಪ ನೋಡಬೇಕು. ಯೋಗರಾಜ್ ಓಮ್ನಿ ತೆಗೆದರು. ಅಮ್ಮ ಹತ್ತಲಿಲ್ಲ. ಬೇಲಿಯ ಹತ್ತಿರ ಹೋಗಿ ಕೂಗಿದಳು.

"ಕೈತಾನಾ, ನಡಿ. ನೀರು ಇಳಿದದೆಯಂತೆ. ನಿನ್ ಸುಳ್ಳು ಎಷ್ಟು ಸುಳ್ಳು ಅಂತ ನೋಡ್ಕಂಡ್ ಬರಣ."

ಬರುವುದಿಲ್ಲ ಎಂದರು. ನೀನು ಅಳೆದ ನೀರು, ನೀನೇ ಬರಬೇಕು ಎಂದು ಇವಳು. ಕೊನೆಗೆ ಮುಖ ಸಿಂಡರಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಗಂಜಿ ಪಾತ್ರೆಯ ಜಾಗದಲ್ಲಿ ಅಮ್ಮ ಕೂತಳು.

ಹೊನ್ನೆಮರಡಿನ ಹಾದಿ ಹಿಡಿದು, ದೋಣಿ ನಡೆಸಲು ಬಂದ ಪಟ್ಟಣದ ಹುಡುಗರು ನೀರು ಹುಡುಕಿಕೊಂಡು ಬೇಸರದಿಂದ ತಿರುಗುವುದನ್ನು ದಾಟಿ, ಮುಂದೆ ಓಮ್ನಿ ಹೋಗದ ಜಾಗದಲ್ಲಿ ಇಳಿದು ನಡೆದೆವು. ಗುರ್ಕಾರರು ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಕಣ್ಣು ಹಾಯುವ ತನಕ ಕೆಸರು. ಮೇಲೆ ಒಣಗಿ ಬಿರುಕು ಬಿಟ್ಟು, ಕಾಲಿಟ್ಟರೆ ಒಳಗೆ ಹಸಿ. ಅಲ್ಲಲ್ಲಿ ಕಪ್ಪಾದ ಬೊಡ್ಡೆಗಳು. ವಾಸನೆ ಬೇರೆ.

"ನೋಡಿ" ಎಂದರು ಗುರ್ಕಾರರು. ಗೆದ್ದವರ ಹಾಗೆ ಹೇಳಲು ಹೋದರು, ಆಗಲಿಲ್ಲ. "ನಾನು ಹೇಳಿದ್ದಲ್ಲವಾ. ಇಷ್ಟೇ."

ಅಮ್ಮ ಅವರ ಕಡೆ ನೋಡಲೇ ಇಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟೇ ಬಿಟ್ಟಳು. ಒಂದು ಬೊಡ್ಡೆಯನ್ನು ಮುಟ್ಟಿ "ಇದು ಕಸಿ ಮಾವು" ಎಂದಳು. ಮುರಿದ ಜಂಬಿಟ್ಟಿಗೆ ಸಾಲು ಹಿಡಿದು ನಡೆದು "ಇದು ಕೊಟ್ಟಿಗೆ" ಎಂದಳು. ಆಮೇಲೆ ಒಂದು ಕಡೆ ನಿಂತು, ಕಾಲಿನ ಹೆಬ್ಬೆರಳಿನಿಂದ ಕೆಸರು ಕೆದಕಿ, ಧೊಪ್ಪನೆ ಕೂತಳು. ಬಿದ್ದಳೇನೋ ಎಂದು ನಾವು ಓಡಿದೆವು. ಬಿದ್ದಿರಲಿಲ್ಲ. ಎರಡೂ ಕೈಯಲ್ಲಿ ಕೆಸರು ಬಾಚಿ ಬಾಚಿ ಹಿಂದಕ್ಕೆ ಹಾಕುತ್ತಿದ್ದಳು. ಅಡಿಯಲ್ಲಿ ಕಲ್ಲಿನ ಅಂಚು ಕಾಣಿಸಿತು. ಒರಳುಕಲ್ಲು.

"ಅಪ್ಪಯ್ಯ ಕಿತ್ತು ತರಕ್ಕೆ ನೋಡಿದ್ರು. ಲಾರಿಯವ ಭಾರ ಆಗ್ತದೆ ಅಂತ ಬಿಡಲಿಲ್ಲ" ಎಂದಳು. ಆಮೇಲೆ ಒರಳಿಗೆ ಬೈಯತೊಡಗಿದಳು. "ಇಲ್ಲೇ ಇದ್ಯಲ್ಲ ಮುಂಡೇದೆ! ಇಷ್ಟು ವರ್ಷ ಇಲ್ಲೇ ಇದ್ಯಲ್ಲ!" ಬೈಯುತ್ತಾ ಬೈಯುತ್ತಾ ಅಳುತ್ತಿದ್ದಳು. ನನ್ನ ಅಮ್ಮ ಅತ್ತಿದ್ದನ್ನು ನಾನು ಅಪ್ಪ ಸತ್ತಾಗ ಕೂಡ ನೋಡಿರಲಿಲ್ಲ.

ಗುರ್ಕಾರರು ನಿಂತು ನೋಡುತ್ತಿದ್ದರು. ಅಮ್ಮ ತಲೆ ಎತ್ತಿದಳು.

"ಕೆಸರು ಕೆಸರು ಅಂತ ಹೊಡ್ಕಂಡ್ಯಲ್ಲ ಕೈತಾನಾ. ತೆಗಿಯಕ್ಕೆ ಕೈ ಇಲ್ವಾ ನಿಂಗೆ? ನಿಂತು ಎಂತ ನೋಡ್ತೀಯ, ನೀರು ಹಾಕು."

ಅವರು ಬಾಟಲಿಯ ಕುಡಿಯುವ ನೀರು ಹಾಕಿದರು. ಆಮೇಲೆ ಕೂತು, ಬಿಳಿ ಕರವಸ್ತ್ರ ತೆಗೆದು ಒರಳಿನ ಒಳಗನ್ನು ಉಜ್ಜಿದರು. ಗುಂಡಿ ನುಣುಪಾಗಿ ಹೊಳೆಯಿತು. "ನಮ್ಮವ್ವ ಅರೆದು ಅರೆದು ಸವೆಸಿದ್ದು" ಎಂದು ಅಮ್ಮ ಅದರೊಳಗೆ ಕೈಯಿಟ್ಟು ತಿರುಗಿಸಿದಳು. ಅವರನ್ನೂ ಕೈಯಿಡು ಎಂದಳು. ಇಟ್ಟರು.

ವಾಪಸು ಬರುವಾಗ ಗುರ್ಕಾರರು, "ಒಂದು ಒರಳು ಸಿಕ್ಕಿದ್ರೆ ಸೆರಾಫಿನ್ ಸಿಕ್ಕ ಹಾಗೆ ಆಗ್ಲಿಲ್ಲ ದುರ್ಗಮ್ಮ" ಎಂದರು.

"ಆಗ್ಲಿಲ್ಲ" ಎಂದು ಅಮ್ಮ ಒಪ್ಪಿಕೊಂಡಳು. ಜಗಳಕ್ಕೆ ಕಾದಿದ್ದ ನನಗೆ ನಿರಾಸೆಯೇ ಆಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ಈಗ ಅಮ್ಮನಿಗೆ ಬೇರೆ ಕೆಲಸವಿಲ್ಲ. ಬೆಳಿಗ್ಗೆ ಎದ್ದವಳೇ ಬೇಲಿಗೆ ಹೋಗಿ, "ಕೈತಾನಾ, ನೀರು ಎಲ್ಲಿಗೆ ಬಂತು? ಒರಳು ಮುಳುಗ್ತಾ?" ಗುರ್ಕಾರರು ಡ್ಯಾಮಿನಲ್ಲಿದ್ದ ತಮ್ಮ ಹಳೆಯ ಜೊತೆಗಾರನಿಗೆ ಫೋನು ಮಾಡಿ ಮಟ್ಟ ಕೇಳಿ ಹೇಳತೊಡಗಿದರು. ಅಷ್ಟು ದಿನ ಫೋನು ಮುಟ್ಟದಿದ್ದವರು! ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಾ ಒಂದು ದಿನ ಬೇಲಿಗೆ ತಾವೇ ಬಂದು, ಸಾವಿನ ಸುದ್ದಿ ಹೇಳುವವರ ಹಾಗೆ ನಿಂತು, "ಇವತ್ತು ಮುಳುಗಿರ್ಬೇಕು ದುರ್ಗಮ್ಮ" ಎಂದರು.

ಅಮ್ಮ ಎಲೆ ಜಗಿಯುವುದನ್ನು ನಿಲ್ಲಿಸಲಿಲ್ಲ. "ಮುಳುಗ್ಲಿ ಬಿಡು. ಎಲ್ಲಿ ಅದೆ ಅಂತ ಗೊತ್ತಾತಲ್ಲ."

ಅದಾಗಿ ಕೆಲವೇ ದಿನಕ್ಕೆ ಅಮ್ಮ ಹೋದಳು. ಜ್ವರ ಅಂತ ಮಲಗಿದವಳು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದರೆ ಓಮ್ನಿ ಹತ್ತುವುದಿಲ್ಲ ಎಂದಳು, ಹತ್ತಲಿಲ್ಲ. ಸುರಿವ ಮಳೆಯಲ್ಲಿ ಸೌದೆಗೆ ತಗಡು ಹಿಡಿದು ಸುಟ್ಟು ಬಂದೆವು. ಗುರ್ಕಾರರು ಬಂದಿದ್ದರು. ದೂರದಲ್ಲಿ ಕೊಡೆ ಹಿಡಿದು ನಿಂತು ಹಾಗೆಯೇ ಹೋದರು.

ಮಾರನೆಯ ದಿನ ಮನೆ ತುಂಬ ನೆಂಟರು. ಪುಣ್ಯವಂತೆ, ನರಳದೆ ಹೋದಳು, ನಮಗೂ ಇಂಥ ಸಾವೇ ಬರಲಿ ಎಂದು ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ಹೇಳುತ್ತಿದ್ದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ, ಎದೆಯ ಮೇಲೆ ಮಾತ್ರ ಆ ಒರಳನ್ನೇ ಇಟ್ಟ ಹಾಗೆ. ಆಗ ಬೇಲಿ ದಾಟಿ ಗುರ್ಕಾರರು ಬಂದರು. ಬಟ್ಟೆಯಲ್ಲಿ ಹಿಡಿದ ಅಲ್ಯೂಮಿನಿಯಂ ಪಾತ್ರೆ, ಅದರಲ್ಲಿ ಗಂಜಿ. ಜನ್ಮದಲ್ಲಿ ಒಲೆಯ ಹತ್ತಿರ ಹೋಗದಿದ್ದ ಮನುಷ್ಯ. ತಳ ಹಿಡಿದ ವಾಸನೆ ಬಾಗಿಲಿಂದಲೇ ಬಂತು. ತಟ್ಟೆಗೆ ಬಡಿಸಿ ನನ್ನ ಮುಂದಿಟ್ಟು, ಪಕ್ಕದಲ್ಲಿ ನೆಲದ ಮೇಲೆ ಕೂತರು.

ನಾನು ಕಾದೆ. ಅವರು ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಎಂತ ಗುರ್ಕಾರ್ರೆ, ಸುಮ್ನೆ ಕೂತ್ರಿ?"

"ಮಾತು ಬಿಟ್ಟಿದ್ದೇನೆ ಹೇಮಾ. ನೀನೇ ಹೇಳ್ತಿದ್ದಿಯಲ್ಲ, ಗಂಜಿಯಾದ್ರೆ ಹೊಟ್ಟೆಗೆ ಹೋಗ್ತದೆ ಅಂತ. ಅದು ಸರಿ. ಉಣ್ಣು."

ನನಗೆಲ್ಲಿಂದ ಬಂತೋ ಸಿಟ್ಟು! ಊರಿಗೆಲ್ಲ, ಸಿಕ್ಕವರಿಗೆಲ್ಲ, ಬೇಕೋ ಬೇಡವೋ ಕೇಳದೆ ಹೇಳಿದ ಮನುಷ್ಯ, ನನ್ನ ಅಮ್ಮನಿಗೆ ಮಾತ್ರ ಇಲ್ಲ ಎನ್ನುತ್ತಾರಲ್ಲ ಎಂದು ಹೊಟ್ಟೆ ಉರಿಯಿತು.

"ನಿಮ್ಮ ಗಂಜಿ ಯಾರಿಗೆ ಬೇಕು! ಸೀದುಹೋಗಿದೆ. ನೀರಿನ ಮಾತು ಹೇಳಿ. ಬೊನಿಫಾಸನ ಹೆಂಡ್ತಿಗೆ ಹೇಳಿದ್ರಿ, ಕಂಡ ಕಂಡವರಿಗೆಲ್ಲ ಹೇಳಿದ್ರಿ. ನಮ್ಮಮ್ಮನಿಗೆ ಹೇಳಿ. ಈಗಲೇ ಹೇಳಿ."

ನೆಂಟರೆಲ್ಲ ತಿರುಗಿ ನೋಡಿದರು. ಗುರ್ಕಾರರು ನನ್ನ ಮುಖ ನೋಡಿದರು. ಎದ್ದು ನಿಲ್ಲಲಿಲ್ಲ, ಕೂತಲ್ಲೇ ಶುರುಮಾಡಿದರು. ಭಾಷಣದ ಧ್ವನಿ ಇರಲಿಲ್ಲ.

"ಡ್ಯಾಂ ತುಂಬಿದಾಗ ಅಡಿಯ ಊರು ಕಾಣುದಿಲ್ಲ. ಕಾಣುದಿಲ್ಲ ಅಂದ್ರೆ ಇಲ್ಲ ಅಂತಲ್ಲ. ನೀರಿನಡಿ ಬಾವಿ..." ನಿಂತರು. "ಬಾವಿ ನಂಗೆ ಗೊತ್ತಿಲ್ಲ ಹೇಮಾ. ಒರಳು ಉಂಟು. ಅದನ್ನು ನಾನು ಮುಟ್ಟಿ ನೋಡಿದ್ದೇನೆ. ಒಂದು ದಿನ ನೀರು ಇಳೀತದೆ. ಇಳಿದ ಕೂಡ್ಲೆ ಕಾಣುದು ಕೆಸರೇ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೆಸರು ತೆಗೀಬೇಕು. ಆಮೇಲೆ ನಮ್ಮವರು ಇದ್ದಲ್ಲೇ..."

ಅಲ್ಲಿಗೆ ನಿಲ್ಲಿಸಿಬಿಟ್ಟರು. ಮುಂದಿನ ಮಾತು ಯಾವುದೆಂದು ನನಗೆ ಗೊತ್ತಿತ್ತು. ಅವರ ಬಾಯಿಂದ ಅದು ಹೊರಡಲೊಲ್ಲದು ಎಂದೂ ಗೊತ್ತಾಯಿತು.

"ಬೀಗದ ಕೈ ಯಾರ ಹತ್ರ ಅದೆ ಅಂತ ಕೇಳಿ ಗುರ್ಕಾರ್ರೆ."

ಅವರು ತಲೆಯಾಡಿಸಿದರು. ಕೇಳಲಾರೆ ಎಂದು.

"ಯೇಸುಸ್ವಾಮಿ ಹತ್ರ" ಎಂದೆ ನಾನು. ನನ್ನ ಸೋದರತ್ತೆ ಗಾಬರಿಯಾಗಿ ಎದೆ ಮುಟ್ಟಿಕೊಂಡಳು. ಮುಟ್ಟಿಕೊಳ್ಳಲಿ. "ಸತ್ತು ಮೂರನೇ ದಿನ ಎದ್ದವರು. ಗೇಟು ತೆಗೆಯೋದು ಅವರಿಗೆ ಗೊತ್ತುಂಟು. ಹೌದಾ ಅಲ್ವಾ?"

"ಹೌದು" ಎಂದರು. ಹೇಳಿ ಒಂದು ಗಳಿಗೆ ಬಿಟ್ಟು, ಈಗ ತಾನೇ ಯಾರೋ ಅವರಿಗೆ ತಿಳಿಸಿದ ಹಾಗೆ, ಮತ್ತೊಮ್ಮೆ "ಹೌದು ಹೇಮಾ" ಎಂದರು. ಹೆಂಡತಿ ಸತ್ತ ದಿನ ಅಳದವರು ನನ್ನ ಅಮ್ಮನ ಸೂತಕದ ಮನೆಯಲ್ಲಿ, ನಮ್ಮ ನೆಂಟರಿಷ್ಟರ ಎದುರಿಗೆ, ಸೆರಾಫಿನ್ ಸೆರಾಫಿನ್ ಎಂದು ಮಗುವಿನ ಹಾಗೆ ಅತ್ತರು. ನನಗೂ ಅಳು ಬಂತು. ಎದೆಯ ಮೇಲಿನ ಕಲ್ಲು ಸ್ವಲ್ಪ ಜರುಗಿದ ಹಾಗಾಯಿತು. ಅಪ್ಪನ ಹೆಸರಲ್ಲ, ಅಮ್ಮನ ಹೆಸರೂ ಅಲ್ಲ, ನಾನೂ ಬಾಯಮ್ಮ ಬಾಯಮ್ಮ ಎಂದೇ ಅಳುತ್ತಿದ್ದೆ. ನೆಂಟರು ಏನೆಂದುಕೊಂಡರೋ ಕಾಣೆ.

ಅತ್ತು ಮುಗಿದ ಮೇಲೆ ತಟ್ಟೆ ಎಳೆದುಕೊಂಡು ಒಂದು ತುತ್ತು ಬಾಯಿಗಿಟ್ಟೆ. ಐಸಿನ ಹಾಗೆ ಇತ್ತು.

"ನೋಡಿ ಗುರ್ಕಾರ್ರೆ" ಎಂದೆ. "ನಿಮ್ಮ ಮಾತು ಮುಗಿಯೋದ್ರೊಳಗೆ ಗಂಜಿ ತಣ್ಣಗಾಯ್ತು."

ಅವರು ನನ್ನನ್ನೇ ನೋಡಿದರು. ಮೂಗು ಒರೆಸಿಕೊಂಡರು. ನಕ್ಕರು. ಆಮೇಲೆ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಒಳಗೆ ಇಣುಕಿ, "ಇನ್ನೂ ಉಂಟು" ಎಂದು ತಮಗೂ ಒಂದು ತಟ್ಟೆ ಕೇಳಿದರು. ಸೀದ ಗಂಜಿಯನ್ನು ಇಬ್ಬರೂ ಕೂತು ತಳದ ತನಕ ಉಂಡೆವು.